ಕಂಡರಕೋಶಗಳೂ ಭಾರವೂ

ಕೃಷ್ಣರಾಜಪೇಟೆ ತಾಲ್ಲೂಕಿನ ಸಂತೆಬಾಚಹಳ್ಳಿ ಹೋಬಳಿಯ ರೈತನೊಬ್ಬನಿಗೆ ಹೊರೆ ಹೊತ್ತು ಬದುವಿನಿಂದ ಇಳಿಯುವಾಗ ಹಿಮ್ಮಡಿಯ ಮೇಲ್ಗಡೆ ನೋವು ಕಾಣಿಸಿಕೊಂಡರೆ, ಅವನು ‘ನರ ಹಿಡಿಯಿತು’ ಎನ್ನುವನು. ಶಾಲೆಯಲ್ಲಿ ಓದಿದ ಅವನ ಮಗನು ‘ಅದು ಸ್ನಾಯು’ ಎಂದು ತಿದ್ದುವನು. ವಸ್ತುತಃ ಅಲ್ಲಿ ನೊಂದಿರುವುದು ನರವೂ ಅಲ್ಲ, ಈಗಿನ ಪಠ್ಯಪುಸ್ತಕಗಳು ಹೇಳುವ ಸ್ನಾಯುವೂ ಅಲ್ಲ. ಮೀನಖಂಡದ ಮಾಂಸವನ್ನು ಹಿಮ್ಮಡಿಯ ಎಲುಬಿಗೆ ಬಿಗಿದಿರುವ ಹುರಿ. ಸುಶ್ರುತಸಂಹಿತೆಯ ಶಾರೀರಸ್ಥಾನದ ಐದನೆಯ ಅಧ್ಯಾಯದಲ್ಲಿ ಪೇಶಿಗಳು 500, ಸ್ನಾಯುಗಳು 900, ಕಂಡರಗಳು 16 ಎಂದು ಬೇರೆ ಬೇರೆಯಾಗಿಯೇ ಎಣಿಸಿದೆ. ಮಾಂಸದ ಗಟ್ಟಿಗೆ ಪೇಶಿಯೆಂದೂ, ಅದನ್ನೂ ಸಂಧಿಗಳನ್ನೂ ಬಂಧಿಸುವುದಕ್ಕೆ ಸ್ನಾಯುವೆಂದೂ, ಸ್ನಾಯುಗಳಲ್ಲಿ ದುಂಡಾಗಿರುವುವಕ್ಕೆ ಕಂಡರವೆಂದೂ ಆ ಗ್ರಂಥದ ವ್ಯವಹಾರ. ಕನ್ನಡದಲ್ಲಿ ಸ್ನಾಯುಶಬ್ದವನ್ನು ಪೇಶಿಗೆ ಕೊಟ್ಟುಬಿಟ್ಟದ್ದರಿಂದ ಕಂಡರಕ್ಕೆ ‘ಸ್ನಾಯುರಜ್ಜು’ ಎಂಬ ಹೆಸರನ್ನು ಹೊಸೆಯಬೇಕಾಯಿತು. ಇದು ಬೇಡದ ಶ್ರಮವೇ ಸರಿ.

ಹಲಗೆಗಳನ್ನು ಅನೇಕ ಕಟ್ಟುಗಳಿಂದ ಬಿಗಿದ ದೋಣಿಯು ನೀರಿನಲ್ಲಿ ಭಾರವನ್ನು ತಾಳುವ ಹಾಗೆ, ಸ್ನಾಯುಗಳಿಂದ ಬಿಗಿಯಲ್ಪಟ್ಟ ಸಂಧಿಗಳಿಂದ ಮನುಷ್ಯನು ಭಾರವನ್ನು ತಾಳುವನೆಂದು ಸುಶ್ರುತನ ದೃಷ್ಟಾಂತ. ಎಲುಬು, ಪೇಶಿ, ಸಿರೆ, ಸಂಧಿಗಳು ಕೆಟ್ಟುದಕ್ಕಿಂತ ಸ್ನಾಯು ಕೆಟ್ಟರೆ ಹೆಚ್ಚು ಅಪಾಯವೆಂದೂ ಅಲ್ಲಿಯೇ ಹೇಳಿದೆ. ದೃಷ್ಟಾಂತವು ಸೊಗಸಾದುದು, ಆದರೆ ಒಂದಂಶದಲ್ಲಿ ಸಾಲದು. ದೋಣಿಯ ಹಗ್ಗವು ಎಳೆದಷ್ಟೂ ಸವೆಯುತ್ತದೆ. ಕಂಡರವಾದರೋ ತಕ್ಕಷ್ಟು ಎಳೆದರೆ ಬಲಿಯುತ್ತದೆ, ಮಿತಿಮೀರಿ ಎಳೆದರೆ ಸೀಳುತ್ತದೆ, ಎಳೆಯದೆ ಬಿಟ್ಟರೆ ಶಿಥಿಲವಾಗುತ್ತದೆ. ಈ ಭೇದಕ್ಕೆ ಕಾರಣವು ಅದರೊಳಗೆ ವಾಸಿಸುವ ಜೀವಕೋಶಗಳು.

ಕಂಡರದ ನೀರನ್ನು ಕಳೆದರೆ ಉಳಿಯುವುದರಲ್ಲಿ ಬಹುಭಾಗವು ಕೊಲ್ಯಾಜನ್ ಎಂಬ ನಾರಿನಂಥ ದ್ರವ್ಯ. ಮೂರು ಎಳೆಗಳು ಸುತ್ತಿಕೊಂಡು ಈ ನಾರಿನ ಅಣುವಾಗಿರುವುದೆಂಬ ರಚನೆಯನ್ನು 1954–55ರಲ್ಲಿ ಮದ್ರಾಸಿನಲ್ಲಿ ಗೋಪಿನಾಥ ಕರ್ತಾರೊಡನೆ ನಿರೂಪಿಸಿದವರು ಜಿ. ಎನ್. ರಾಮಚಂದ್ರನ್, ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ವಿ. ರಾಮನ್ನರ ಶಿಷ್ಯರಾಗಿದ್ದವರು. ಇಂತಹ ನಾರುಗಳ ಕಟ್ಟುಗಳ ನಡುವೆ ಜೀವಕೋಶಗಳು ಸಾಲುಸಾಲಾಗಿ ಕುಳಿತಿರುತ್ತವೆ. ಅವು ಸಂಖ್ಯೆಯಲ್ಲಿ ಸ್ವಲ್ಪವೇ. ಆದರೆ ತೆಳುವಾದ ಕೈಗಳನ್ನು ಚಾಚಿ ನೆರೆಯ ಕೋಶಗಳನ್ನು ಮುಟ್ಟಿಕೊಂಡಿರುವುದರಿಂದ ಒಂದಕ್ಕೆ ತಿಳಿದುದು ಇನ್ನೊಂದಕ್ಕೂ ತಿಳಿಯುತ್ತದೆ.

ಕಣ್ಣು ಕಿವಿಗಳಿಲ್ಲದ ಕೋಶಕ್ಕೆ ಭಾರವು ಬಂದುದು ತಿಳಿಯುವುದು ಹೇಗೆ? ಕೋಶದ ಹೊರಪೊರೆಯಲ್ಲಿ ಇಂಟೆಗ್ರಿನ್ ಎಂಬ ಕೊಂಡಿಗಳುಂಟು. ಅವುಗಳ ಹೊರತುದಿಯು ನಾರಿಗೂ ಒಳತುದಿಯು ಕೋಶದೊಳಗಿನ ಸೂಕ್ಷ್ಮತಂತುಗಳಿಗೂ ಸೇರಿದೆ. ನಾರು ಸೆಳೆಯಲ್ಪಟ್ಟಾಗ ಸೆಳೆತವು ಈ ದಾರಿಯಾಗಿ ಕೋಶದ ನಡುವಣ ಬೀಜಕ್ಕೂ ಮುಟ್ಟುವುದು. ಅದೇ ಕ್ಷಣದಲ್ಲಿ ಪೊರೆಯ ಕೆಲವು ದ್ವಾರಗಳು ತೆರೆದು ಕ್ಯಾಲ್ಸಿಯಂ ಒಳಕ್ಕೆ ನುಗ್ಗುವುದು. ಪ್ರತಿ ಕೋಶದಲ್ಲಿಯೂ ಕಂಡರದ ಉದ್ದಕ್ಕೆ ಸರಿಯಾಗಿ ಮಲಗಿರುವ ರೋಮದಂಥ ಅಂಗವೊಂದಿದ್ದು, ಅದೂ ಸೆಳೆತವನ್ನು ಗ್ರಹಿಸುವುದು. ಇವೆಲ್ಲದರ ಫಲವಾಗಿ ಕೋಶವು ಹೊಸ ಕೊಲ್ಯಾಜನ್ನನ್ನು ತಯಾರಿಸಿ ಹೊರಕ್ಕೆ ಬಿಡುವುದು; ಹಳೆಯದನ್ನು ಕತ್ತರಿಸುವ ದ್ರವ್ಯಗಳನ್ನೂ ಬಿಡುವುದು.

ಇಲ್ಲಿ ಕಾಲಕ್ರಮವು ಮುಖ್ಯವಾದುದು. ಮನುಷ್ಯರಲ್ಲಿ ನಡೆದ ಪರೀಕ್ಷೆಗಳ ಪ್ರಕಾರ, ಒಂದು ಸಲದ ಬಿರುಸಾದ ದುಡಿಮೆಯ ಬಳಿಕ ಹೊಸ ನಾರಿನ ನಿರ್ಮಾಣವು ಏರುತ್ತ ಹೋಗಿ ಸುಮಾರು ಮೂರು ದಿನಗಳವರೆಗೆ ಹೆಚ್ಚಾಗಿಯೇ ಇರುವುದು. ಹಳೆಯದರ ನಾಶವೂ ಹೆಚ್ಚುವುದು. ಮೊದಲ ದಿನ, ಒಂದೂವರೆ ದಿನ, ನಾಶವೇ ಮೇಲುಗೈ. ಆಮೇಲೆಯೇ ಲಾಭ. ಕಬ್ಬಿನ ಕಟಾವಿನಲ್ಲಿ ಬಿಡುವಿಲ್ಲದೆ ದಿನದಿನವೂ ಮಿತಿಮೀರಿದ ಹೊರೆಯನ್ನು ಹೊರುವವನ ಕಂಡರವು ಲಾಭದ ದಿನಕ್ಕೆ ಕಾಯಲಾರದು. ಹಾಗೆಂದು ಕಾಲನ್ನು ತಿಂಗಳುಗಟ್ಟಲೆ ಅಲುಗಿಸದಿರುವುದೂ ಚಿಕಿತ್ಸೆಯಲ್ಲ. ಇಲಿಯ ಬಾಲದ ಕಂಡರವನ್ನು ಸೆಳೆತವಿಲ್ಲದೆ ಇಟ್ಟು ನೋಡಿದಾಗ, ಕೋಶಗಳು ತಮ್ಮ ಸುತ್ತಣ ನಾರನ್ನು ತಾವೇ ಕರಗಿಸತೊಡಗಿದುವು. ಹದವಾಗಿ ಎಳೆದಾಗ ಆ ಕೆಲಸವು ತಗ್ಗಿತು. ಸ್ವೀಡನ್ನಿನ ಹಾಕನ್ ಆಲ್‌ಫ್ರೆಡ್‌ಸನ್ ಮತ್ತು ಅವರ ಸಂಗಡಿಗರು ಹಿಮ್ಮಡಿಯ ಕಂಡರ ಬಹುಕಾಲದಿಂದ ನೊಂದಿದ್ದ 15 ಮಂದಿಗೆ, ಹಿಮ್ಮಡಿಯನ್ನು ಮೆಲ್ಲಗೆ ಕೆಳಕ್ಕಿಳಿಸುವ ವ್ಯಾಯಾಮವನ್ನು ಭಾರ ಹೆಚ್ಚಿಸುತ್ತ 12 ವಾರ ಮಾಡಿಸಿ ಗುಣ ಕಂಡುದನ್ನು 1998ರಲ್ಲಿ ಪ್ರಕಟಿಸಿದರು. ಇದು ಎಲ್ಲರಿಗೂ ಫಲಿಸುವ ಮದ್ದೆಂದು ತಿಳಿಯಬಾರದು. ‘ಟಪ್’ ಎಂದು ಸದ್ದಾಗಿ ಕಾಲೂರಲು ಬಾರದಿದ್ದರೆ ಕಂಡರವು ಹರಿದಿರಬಹುದಾದುದರಿಂದ ಒಡನೆಯೇ ವೈದ್ಯರಲ್ಲಿಗೆ ಹೋಗಬೇಕು.

ವಯಸ್ಸಿನ ವಿಚಾರವು ಇನ್ನೂ ವಿಚಿತ್ರವಾದುದು. 1955ರಿಂದ 1963ರವರೆಗಿನ ಅಣುಬಾಂಬಿನ ಪರೀಕ್ಷೆಗಳಿಂದ ಗಾಳಿಯಲ್ಲಿ ಹೆಚ್ಚಿದ ವಿಶಿಷ್ಟ ಇಂಗಾಲವನ್ನು ಗುರುತಾಗಿಟ್ಟುಕೊಂಡು ಡೆನ್ಮಾರ್ಕಿನ ವಿದ್ವಾಂಸರು 2013ರಲ್ಲಿ ಹಿಮ್ಮಡಿಯ ಕಂಡರದ ಒಳತಿರುಳನ್ನು ಶೋಧಿಸಿದರು. ಸುಮಾರು 17ನೆಯ ವಯಸ್ಸಿನವರೆಗೆ ಕಟ್ಟಿಕೊಂಡ ನಾರೇ ಮುಂದೆ ಬಹುಮಟ್ಟಿಗೆ ಹಾಗೆಯೇ ಉಳಿಯುವುದೆಂದು ತಿಳಿದುಬಂತು. ಮೇಲೆ ಹೇಳಿದ ನಿರ್ಮಾಣನಾಶಗಳು ತಿರುಳನ್ನು ಬಿಟ್ಟು ಸ್ವಲ್ಪಭಾಗದಲ್ಲಿ ಮಾತ್ರ ನಡೆಯುವುವೆಂದು ಇದರಿಂದ ಊಹಿಸಬೇಕಾಗಿದೆ. ಕುದುರೆಯಲ್ಲಿಯೂ ಮುಂಗಾಲಿನ ಕಂಡರವು ಎರಡು ವರ್ಷದ ಸುಮಾರಿಗೆ ಬಲಿತು, ಆಮೇಲಿನ ವ್ಯಾಯಾಮಕ್ಕೆ ಅಷ್ಟಾಗಿ ಹೊಂದಿಕೊಳ್ಳುವುದಿಲ್ಲ. ಈ ಸೀಮೆಯಲ್ಲಿ ಹಳ್ಳಿಕಾರ್ ತಳಿಯ ಹೋರಿಗಳನ್ನು ಪಳಗಿಸುವವರು ಮೊದಲು ಬರಿಯ ನೊಗಕ್ಕೆ, ಬಳಿಕ ಬರಿಗಾಡಿಗೆ, ಕಡೆಗೆ ಹೇರಿಗೆ ಕಟ್ಟುವುದು ದನದ ಸ್ವಭಾವವನ್ನು ನೋಡಿಯೇ ಹೊರತು ಕಂಡರವನ್ನು ನೆನೆದಲ್ಲ. ಆದರೂ ಎಳೆಯ ಕಾಲಿನ ಕೋಶಗಳಿಗೆ ಆ ನಿಧಾನವೇ ಹಿತ.