ಎರಡು ಕಿಲೋ ತೂಕದ ತೋಳ

ಬೆಂಗಳೂರಿನ ಜಯನಗರ 4ನೇ ಟಿ ಬ್ಲಾಕಿನ ಮರಗಳ ಕೆಳಗೆ ಬೆಳಗಿನ ಹೊತ್ತು ಒಮ್ಮೆ ನಿಂತು ನೋಡಿ. ಮೊದಲು ಲ್ಯಾಬ್ರಡಾರ್ ಬರುತ್ತದೆ, ಯಜಮಾನರನ್ನೇ ಎಳೆದುಕೊಂಡು. ಅದರ ಹಿಂದೆ ನೆಲಕ್ಕೆ ಮೂಗು ಹಚ್ಚಿದ ಬೀಗಲ್. ಆಮೇಲೆ ಒಬ್ಬರು ಕೈಯಲ್ಲಿ ಬರೀ ಹಗ್ಗ ಹಿಡಿದು ಬರುತ್ತಿರುವ ಹಾಗೆ ಕಾಣುತ್ತದೆ. ಕಣ್ಣು ಕೆಳಗಿಳಿಸಿ, ಇನ್ನೂ ಕೆಳಗೆ, ಪಾದದ ಮಟ್ಟಕ್ಕೆ. ಅಲ್ಲಿದೆ! ತಲೆಗಿಂತ ದೊಡ್ಡದೇನೋ ಅನ್ನಿಸುವ ಕಿವಿ, ಮುಖದ ತುಂಬ ಕಣ್ಣು, ಪೆನ್ಸಿಲ್ ದಪ್ಪದ ಕಾಲು. ಚಿವಾವಾ. ಲೋಕದ ನಾಯಿ ತಳಿಗಳಲ್ಲೆಲ್ಲ ಅತಿ ಚಿಕ್ಕದು. ಅಮೆರಿಕನ್ ಕೆನೆಲ್ ಕ್ಲಬ್ಬಿನ ಮಾನದಂಡದಲ್ಲಿ ಅದರ ತೂಕ ಆರು ಪೌಂಡ್ ಮೀರಬಾರದು. ಅಂದರೆ ಹೆಚ್ಚೆಂದರೆ 2.7 ಕಿಲೋ. ಅಷ್ಟು ಪುಟ್ಟ ಪ್ರಾಣಿ ಲ್ಯಾಬ್ರಡಾರಿನ ಎದುರು ಎದೆ ಉಬ್ಬಿಸಿ ನಿಲ್ಲುತ್ತದೆ, ಲ್ಯಾಬ್ರಡಾರ್ ಪಕ್ಕಕ್ಕೆ ಸರಿಯುತ್ತದೆ!

ಈ ಧೈರ್ಯ ಎಲ್ಲಿಂದ ಬಂತು ಎಂದು ಹುಡುಕುತ್ತಾ ಹೋದವನಿಗೆ ಸಿಕ್ಕಿದ್ದು ಒಂದು ತೋಳ. ಉತ್ಪ್ರೇಕ್ಷೆಯಲ್ಲ. ನಾಯಿಯ ಶಾಸ್ತ್ರೀಯ ಹೆಸರೇ ಕ್ಯಾನಿಸ್ ಲೂಪಸ್ ಫೆಮಿಲಿಯಾರಿಸ್, ಮನೆಗೆ ಬಂದ ತೋಳ. ತೋಳಕ್ಕೂ 78 ವರ್ಣತಂತು, ಚಿವಾವಾಕ್ಕೂ 78. ಬಾಗಲಕೋಟೆಯ ಬಯಲಲ್ಲಿ ಮೊಲದ ಬೆನ್ನಟ್ಟುವ ನಮ್ಮ ಮುಧೋಳ ನಾಯಿ, 2005ರಲ್ಲಿ ಅಂಚೆಚೀಟಿಯ ಮೇಲೆ ಮೂಡಿದ ಆ ಎತ್ತರದ ಬೇಟೆಗಾರ, ಇದರ ಒಡಹುಟ್ಟೇ. ಹಾಗಾದರೆ ಇಷ್ಟು ಚಿಕ್ಕದಾದದ್ದು ಹೇಗೆ? ಐಜಿಎಫ್-1 ಎಂಬ ಬೆಳವಣಿಗೆಯ ಜೀನಿನಲ್ಲಿರುವ ಒಂದು ಸಣ್ಣ ವ್ಯತ್ಯಾಸ ಇದರಲ್ಲಿ ದೊಡ್ಡ ಪಾತ್ರ ವಹಿಸುತ್ತದೆ ಎಂದು 2007ರಲ್ಲೇ ಗೊತ್ತಾಗಿತ್ತು. ಮನುಷ್ಯರು ಆರಿಸಿ ಆರಿಸಿ ಸಾಕಿದ್ದರಿಂದ ಇತ್ತೀಚೆಗೆ ಹುಟ್ಟಿದ ಬದಲಾವಣೆ ಅದಿರಬೇಕು ಎಂದು ನಂಬಲಾಗಿತ್ತು. 2022ರಲ್ಲಿ ಆ ನಂಬಿಕೆ ತಲೆಕೆಳಗಾಯಿತು. ಗಿಡ್ಡತನ ಕೊಡುವ ಆ ಜೀನ್ ರೂಪ ಸೈಬೀರಿಯಾದಲ್ಲಿ ಸಿಕ್ಕ 54,000 ವರ್ಷ ಹಳೆಯ ತೋಳದ ಅವಶೇಷದಲ್ಲಿತ್ತು! ನಾಯಿ ಎಂಬ ಪ್ರಾಣಿ ಹುಟ್ಟುವುದಕ್ಕೂ ಮೊದಲೇ ಚಿವಾವಾದ ಗಿಡ್ಡತನ ತೋಳದ ರಕ್ತದಲ್ಲಿ ಕಾದು ಕುಳಿತಿತ್ತು. ನರಿಗಳಲ್ಲೂ ಇರುವುದು ಅದೇ ರೂಪ. ಇದನ್ನು ಓದಿದ ಮೇಲೆ ಆ ಪುಟ್ಟ ಮುಖವನ್ನು ಮೊದಲಿನ ಹಾಗೆ ನೋಡಲು ನನ್ನಿಂದ ಆಗಿಲ್ಲ.

ಊರು ಮೆಕ್ಸಿಕೊ. ಉತ್ತರದ ಚಿವಾವಾ ರಾಜ್ಯದಿಂದಲೇ ಹೆಸರು. ಯುರೋಪಿನವರು ತಮ್ಮ ನಾಯಿಗಳೊಂದಿಗೆ ಬಂದಿಳಿದ ಮೇಲೆ ಅಮೆರಿಕ ಖಂಡಗಳ ಮೂಲ ನಾಯಿಗಳು ಹೆಚ್ಚುಕಡಿಮೆ ಅಳಿದೇ ಹೋದವು. ಆದರೆ 2013ರಲ್ಲಿ ಪ್ರಕಟವಾದ ಒಂದು ಅಧ್ಯಯನ, ಇಂದಿನ ಚಿವಾವಾಗಳಲ್ಲಿರುವ ಒಂದು ಡಿಎನ್‌ಎ ಗುರುತನ್ನು ಕೊಲಂಬಸ್‌ಗಿಂತ ಹಿಂದಿನ ಮೆಕ್ಸಿಕೊದ ನಾಯಿಯ ಎಲುಬಿನಲ್ಲೂ ಕಂಡಿತು. ಬಿಟಿಎಂ ಲೇಔಟಿನ ಎರಡು ಬೆಡ್‌ರೂಮ್ ಮನೆಯ ಸೋಫಾ ಮೇಲೆ ಮಲಗಿರುವ ಮರಿಯಲ್ಲಿ, ಅಳಿದುಹೋದ ಒಂದು ಲೋಕದ ಎಳೆ ಇರಬಹುದು.

ಇದಕ್ಕಿಂತಲೂ ನನ್ನನ್ನು ಬೆರಗುಗೊಳಿಸಿದ್ದು ಭಾಷೆಯ ವಿಷಯ. ಮೆಕ್ಸಿಕೊದಿಂದ ಹಂಗೇರಿಗೆ ತನ್ನ ನಾಯಿಯೊಂದಿಗೆ ಹೋದ ವಿಜ್ಞಾನಿ ಲಾರಾ ಕುವಾಯಾಗೆ ಒಂದು ಪ್ರಶ್ನೆ ಹುಟ್ಟಿತು: ಇಲ್ಲಿ ಜನ ಬೇರೆ ಭಾಷೆ ಆಡುತ್ತಾರೆ ಎಂದು ನನ್ನ ನಾಯಿಗೆ ತಿಳಿಯುತ್ತದೆಯೇ? ಬುಡಾಪೆಸ್ಟಿನಲ್ಲಿ 18 ನಾಯಿಗಳನ್ನು ಎಂಆರ್‌ಐ ಯಂತ್ರದಲ್ಲಿ ಅಲುಗದೆ ಮಲಗಲು ಕಲಿಸಿ, ಸ್ಪ್ಯಾನಿಷ್ ಮತ್ತು ಹಂಗೇರಿಯನ್ ಓದನ್ನು ಕೇಳಿಸಿದರು. ಪರಿಚಿತ ಭಾಷೆಗೂ ಅಪರಿಚಿತ ಭಾಷೆಗೂ ನಾಯಿಯ ಮಿದುಳು ಬೇರೆ ಬೇರೆ ರೀತಿ ಸ್ಪಂದಿಸಿತು. 2022ರ ಫಲಿತಾಂಶ ಇದು. ಹಾಗಾದರೆ ಬನಶಂಕರಿಯ ಮನೆಯಲ್ಲಿ ಅಜ್ಜಿಯ ಮಾತು ಕೇಳಿ ಬೆಳೆದ ಚಿವಾವಾದ ಕಿವಿಗೆ ಕನ್ನಡವೇ ಮನೆಮಾತು! ತರಬೇತಿಯ ಮಾತುಗಳು ಇಂಗ್ಲಿಷಿನಲ್ಲೇ ಇರಬೇಕೆಂದು ಯಾವ ಶಾಸ್ತ್ರವೂ ಹೇಳುವುದಿಲ್ಲ. ‘ಬಾ’, ‘ಕೂತ್ಕೋ’, ‘ಬಿಡು’, ‘ಸಾಕು’. ಚಿಕ್ಕ, ಗಟ್ಟಿ, ಒಂದಕ್ಕೊಂದು ಹೋಲದ ಮಾತುಗಳು. ನಾಯಿ ಕಲಿಸಲು ಹೇಳಿ ಮಾಡಿಸಿದವು. ಒಂದೇ ಷರತ್ತು: ಅಮ್ಮ ‘ಕೂತ್ಕೋ’ ಎಂದರೆ ಮಗಳು ‘ಸಿಟ್’ ಅನ್ನಬಾರದು. ಮನೆಮಂದಿಯೆಲ್ಲ ಒಂದೇ ಮಾತು ಹಿಡಿಯಬೇಕು.

ಈಗ ದೇಹ. ಚಿವಾವಾ ಮರಿ ಹುಟ್ಟಿದಾಗ ನೂರು ಗ್ರಾಂ ಆಸುಪಾಸು. ತಲೆಯ ಮೇಲೆ ಮೆಲ್ಲಗೆ ಬೆರಳಾಡಿಸಿದರೆ ಹಲವು ಮರಿಗಳಲ್ಲಿ ಎಲುಬು ಕೂಡದ ಒಂದು ಮೆತ್ತನೆಯ ಜಾಗ ಸಿಗುತ್ತದೆ, ಎಳೆಗೂಸಿನ ನೆತ್ತಿಯಂತೆಯೇ. ಮೋಲೆರಾ ಎನ್ನುತ್ತಾರೆ. ಕೆಲವಕ್ಕೆ ಅದು ಜೀವಮಾನವಿಡೀ ಮುಚ್ಚುವುದೇ ಇಲ್ಲ. ಮಕ್ಕಳಿರುವ ಮನೆಯಲ್ಲಿ ಮೊದಲು ಹೇಳಿಕೊಡಬೇಕಾದದ್ದು ಇದನ್ನೇ. ಮತ್ತೆ ಆ ನಡುಕ! ಚಿವಾವಾ ನಡುಗುವುದನ್ನು ಕಂಡು ಹೆದರಿಕೊಂಡಿದೆ ಎಂದುಕೊಳ್ಳುತ್ತೇವೆ. ಎಷ್ಟೋ ಸಲ ಕಾರಣ ಬರೀ ಭೌತಶಾಸ್ತ್ರ. ದೇಹ ಚಿಕ್ಕದಾದಷ್ಟೂ ತೂಕಕ್ಕೆ ಹೋಲಿಸಿದರೆ ಚರ್ಮದ ಹರವು ಹೆಚ್ಚು, ಶಾಖ ಸೋರುವುದೂ ಬೇಗ. ಧನುರ್ಮಾಸದ ಬೆಂಗಳೂರಿನ 15 ಡಿಗ್ರಿ ನಮಗೆ ಹಿತ, ಅದಕ್ಕೆ ನಿಜವಾದ ಚಳಿ. ಆ ಸ್ವೆಟರ್ ಶೋಕಿಯಲ್ಲ. ಆದರೆ ನಡುಕದ ಜೊತೆಗೆ ಮರಿ ಮಂಕಾಗಿ ತೂರಾಡಿದರೆ ಅದು ಬೇರೆಯೇ ಸಂಗತಿ: ರಕ್ತದ ಸಕ್ಕರೆ ಇಳಿದಿರಬಹುದು. ಮೂರು ತಿಂಗಳೊಳಗಿನ ಮರಿಗೆ ಕೂಡಿಟ್ಟ ಶಕ್ತಿ ಬಹಳ ಕಮ್ಮಿ, ಒಂದು ಹೊತ್ತು ಊಟ ತಪ್ಪಿದರೂ ಅಪಾಯ. ದಿನಕ್ಕೆ ನಾಲ್ಕೈದು ಸಲ, ತುಸು ತುಸುವೇ ಉಣಿಸಬೇಕು. ಕುಸಿಯುತ್ತಿದೆ ಅನ್ನಿಸಿದರೆ ಒಸಡಿಗೆ ಒಂದಿಷ್ಟು ಜೇನುತುಪ್ಪ ಸವರಿ, ವೈದ್ಯರ ಬಳಿಗೆ ಓಡಬೇಕು.

ಮೈಯಲ್ಲಿರುವ ರಕ್ತ ಎಷ್ಟು ಗೊತ್ತೇ? ನಾಯಿಗೆ ಕಿಲೋಗೆ ಸುಮಾರು 85 ಮಿಲಿಲೀಟರ್. ಎರಡು ಕಿಲೋ ಚಿವಾವಾಕ್ಕೆ 170. ಬೆಳಗ್ಗೆ ನಾವು ಕುಡಿಯುವ ಒಂದು ಲೋಟ ಕಾಫಿಯಷ್ಟು! ಬೆಂಗಳೂರಿನ ನಾಯಿ ಸಾಕುವವರಿಗೆಲ್ಲ ಗೊತ್ತಿರುವ ‘ಟಿಕ್ ಫೀವರ್’ ಈ ಲೆಕ್ಕದಿಂದಲೇ ಇಲ್ಲಿ ಇಷ್ಟು ಭಯಂಕರ. ಉಣ್ಣೆಹುಳುವಿನಿಂದ ಹರಡುವ ರೋಗಾಣುಗಳಲ್ಲಿ ಎರ್ಲಿಕಿಯಾ ಪ್ಲೇಟ್‌ಲೆಟ್ ಇಳಿಸುತ್ತದೆ, ಬಬೇಸಿಯಾ ಕೆಂಪು ರಕ್ತಕಣಗಳನ್ನೇ ಒಡೆಯುತ್ತದೆ. ಹುಲ್ಲಿನಲ್ಲಿ ಅಡ್ಡಾಡಿ ಬಂದ ಮೇಲೆ ಕಿವಿಯ ಒಳಗೆ, ಬೆರಳ ಸಂದಿಯಲ್ಲಿ, ಬಾಲದ ಬುಡದಲ್ಲಿ ದಿನವೂ ಉಣ್ಣೆಹುಳು ಹುಡುಕಿ. ಪುಟ್ಟ ಮೈ ಅಲ್ಲವೇ, ಎರಡು ನಿಮಿಷದ ಕೆಲಸ.

ಅಡುಗೆಮನೆಗೆ ಬನ್ನಿ. ಬೆಳೆದ ಎರಡು ಕಿಲೋ ಚಿವಾವಾಕ್ಕೆ ಇಡೀ ದಿನಕ್ಕೆ ಬೇಕಾದದ್ದು ಸುಮಾರು 190 ಕ್ಯಾಲೊರಿ. ಒಂದು ಇಡ್ಲಿಯಲ್ಲೇ 40ರಿಂದ 50 ಇರುತ್ತದೆ. ಅಜ್ಜ ಪ್ರೀತಿಯಿಂದ ಎರಡು ಇಡ್ಲಿ ಹಾಕಿದರೆ ಅರ್ಧ ದಿನದ ಊಟವೇ ಮುಗಿಯಿತು! ಹಬ್ಬದ ದಿನ ಇನ್ನೂ ಎಚ್ಚರ. ಪಾಯಸದ ದ್ರಾಕ್ಷಿ ನಾಯಿಯ ಮೂತ್ರಪಿಂಡವನ್ನೇ ಕೆಡಿಸಬಲ್ಲದು. ಹುಳಿಯ ಈರುಳ್ಳಿ, ಒಗ್ಗರಣೆಯ ಬೆಳ್ಳುಳ್ಳಿ ರಕ್ತಕಣಗಳಿಗೆ ವಿಷ. ಹತ್ತು ಗ್ರಾಂ ಕಪ್ಪು ಚಾಕೊಲೇಟ್ ಲ್ಯಾಬ್ರಡಾರಿಗೆ ಏನೂ ಮಾಡದಿರಬಹುದು, ಇದರ ಹೊಟ್ಟೆ ಕೆಡಿಸಿ ಎದೆ ಹೊಡೆದುಕೊಳ್ಳುವಂತೆ ಮಾಡಲು ಅಷ್ಟು ಸಾಕು. ಜ್ವರ ಬಂತೆಂದು ಮನೆಯಲ್ಲಿರುವ ಪ್ಯಾರಾಸಿಟಮಾಲ್ ಕೊಡುವುದಂತೂ ಬೇಡವೇ ಬೇಡ.

ಇಷ್ಟು ನಾಜೂಕು ಜೀವಕ್ಕೆ ತರಬೇತಿ ಯಾಕೆ, ಎತ್ತಿಕೊಂಡರೆ ಆಯಿತಲ್ಲ? ಬಹುತೇಕ ಎಲ್ಲರೂ ಹೀಗೇ ಯೋಚಿಸುತ್ತಾರೆ. ಲ್ಯಾಬ್ರಡಾರ್ ಅತಿಥಿಯ ಮೇಲೆ ಗುರ್ರೆಂದರೆ ಅದೇ ದಿನ ಟ್ರೇನರ್‌ಗೆ ಫೋನ್ ಹೋಗುತ್ತದೆ. ಚಿವಾವಾ ಗುರ್ರೆಂದರೆ ಎಲ್ಲರೂ ನಗುತ್ತಾರೆ, ವಿಡಿಯೊ ಮಾಡುತ್ತಾರೆ. ವಿಯೆನ್ನಾದ ಸಂಶೋಧಕರು 1,276 ಮಂದಿ ನಾಯಿ ಸಾಕುವವರನ್ನು ವಿಚಾರಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ಕಂಡಿತು: ಚಿಕ್ಕ ನಾಯಿಯವರು ಒಂದೇ ನಿಯಮಕ್ಕೆ ಅಂಟಿಕೊಳ್ಳುವುದು ಕಡಿಮೆ, ಕಲಿಸುವುದು ಕಡಿಮೆ, ಜೊತೆಗೂಡಿ ಆಡುವುದೂ ಕಡಿಮೆ. ಚಿಕ್ಕ ನಾಯಿಗಳು ಮಾತು ಕೇಳುವುದೂ ಕಡಿಮೆ ಎಂದು ಅದೇ ಅಧ್ಯಯನ ಹೇಳಿತು. ಚಿವಾವಾ ಸಿಡುಕು ಎಂಬ ಕೆಟ್ಟ ಹೆಸರಿನಲ್ಲಿ ನಮ್ಮ ಪಾಲು ದೊಡ್ಡದು ಎಂದೇ ನನ್ನ ತೀರ್ಮಾನ.

ಒಂದು ಸಲ ನೆಲದ ಮೇಲೆ ಚಪ್ಪಟೆ ಮಲಗಿ ಲೋಕ ನೋಡಿ. ಹಳೆ ಜಯನಗರದ ಮನೆಯ ರೆಡ್‌ಆಕ್ಸೈಡ್ ನೆಲ ಕಾಲಿಗೆ ಸಿಗದೆ ಜಾರುತ್ತದೆ. ಸೋಫಾ ಎಂಬುದು ಅದರ ಎತ್ತರದ ಎರಡು ಮೂರು ಪಟ್ಟು. ಮಂಡಿಚಿಪ್ಪು ಸರಿಯುವುದು ಈ ತಳಿಯ ಸಾಮಾನ್ಯ ತೊಂದರೆ, ಅಲ್ಲಿಂದ ಧುಮುಕಿ ಧುಮುಕಿ ಅದು ಹೆಚ್ಚಬಹುದು, ಅದಕ್ಕೇ ಒಂದು ಚಿಕ್ಕ ಮೆಟ್ಟಿಲು ಮತ್ತು ನೆಲಕ್ಕೆ ಚಾಪೆ. ಮೇಲಿಂದ, ಹಿಂದಿನಿಂದ, ಹೇಳದೆ ಕೇಳದೆ ದೊಡ್ಡ ಕೈಗಳು ಬಂದು ಆಕಾಶಕ್ಕೆ ಎತ್ತುತ್ತವೆ, ದಿನಕ್ಕೆ ಎಷ್ಟೋ ಸಲ. ನಮ್ಮನ್ನು ಯಾರಾದರೂ ಹಾಗೆ ಎತ್ತಿದರೆ ನಾವೂ ಕಚ್ಚುತ್ತಿರಲಿಲ್ಲವೇ? ಜೆ.ಪಿ. ನಗರದ ಒಂದು ಮನೆಯಲ್ಲಿ ನಾನು ಕಂಡ ಅಭ್ಯಾಸ ಇದಕ್ಕೆ ಮದ್ದು. ಎತ್ತುವ ಮೊದಲು ಪಕ್ಕದಲ್ಲಿ ಕೂತು ‘ಎತ್ಲಾ?’ ಎಂದು ಕೇಳುತ್ತಾರೆ, ಒಂದು ಕ್ಷಣ ಕಾಯುತ್ತಾರೆ. ನಾಯಿ ಮುಂದಿನ ಕಾಲು ಕೈಯ ಮೇಲೆ ಇಟ್ಟರೆ ಎತ್ತುತ್ತಾರೆ, ಮುಖ ತಿರುಗಿಸಿದರೆ ಬಿಟ್ಟುಬಿಡುತ್ತಾರೆ. ಎರಡು ಕಿಲೋದ ಪ್ರಾಣಿ ಒಪ್ಪಿಗೆ ಕೊಡುತ್ತದೆ! ಆ ಮನೆಯ ಚಿವಾವಾ ಅತಿಥಿಗಳ ಮೇಲೆ ಗುರ್ರೆನ್ನುವುದನ್ನು ನಾನು ಕಾಣಲೇ ಇಲ್ಲ.

ಕಲಿಸುವುದು ಕಷ್ಟವಲ್ಲ. ನೆಲದ ಮೇಲೆ ಕೂತುಕೊಳ್ಳಿ, ಬಾಗಿ ನಿಂತರೆ ಅದಕ್ಕೆ ನಾವು ಗೋಪುರ. ಬಟಾಣಿ ಕಾಳಿನ ಅರ್ಧದಷ್ಟು ಬೇಯಿಸಿದ ಕೋಳಿಯ ಚೂರನ್ನೋ ಪನೀರನ್ನೋ ಮೂಗಿನಿಂದ ಮೇಲಕ್ಕೆ, ಹಿಂದಕ್ಕೆ ಒಯ್ಯಿರಿ. ತಲೆ ಎತ್ತಿದಾಗ ಹಿಂಭಾಗ ತಾನಾಗಿ ನೆಲ ಮುಟ್ಟುತ್ತದೆ. ಮುಟ್ಟಿದ ಕ್ಷಣವೇ ‘ಭೇಷ್’, ಬಾಯಿಗೆ ಚೂರು. ಐದು ನಿಮಿಷ ಸಾಕು, ಬೇಸರ ಹುಟ್ಟುವ ಮೊದಲೇ ನಿಲ್ಲಿಸಿ. ಮೂತ್ರದ ಪಾಠಕ್ಕೆ ಬೇಕಾದದ್ದು ಗಡಿಯಾರ: ಮೂರು ತಿಂಗಳ ಮರಿ ಮೂರು ತಾಸಿಗಿಂತ ಹೆಚ್ಚು ತಡೆಯಲಾರದು. ಎದ್ದ ತಕ್ಷಣ, ಉಂಡ ಮೇಲೆ, ಆಡಿದ ಮೇಲೆ ಒಂದೇ ಜಾಗಕ್ಕೆ ಒಯ್ಯಿರಿ. ಹೊಡೆತ, ಗದರಿಕೆ ಕಲಿಸುವುದು ಭಯವನ್ನು ಮಾತ್ರ. ಕೊರಳಿಗೆ ಪಟ್ಟಿ ಬೇಡ, ಎದೆಗೆ ಹಾರ್ನೆಸ್ ಹಾಕಿ; ಈ ತಳಿಯ ಹಲವು ನಾಯಿಗಳ ಶ್ವಾಸನಾಳ ಸುಲಭವಾಗಿ ಕುಸಿಯುವಷ್ಟು ಮೃದು.

ಇನ್ನೊಂದು ಬಾಗಿಲಿದೆ, ಬೇಗ ಮುಚ್ಚುವ ಬಾಗಿಲು. ಮೂರನೇ ವಾರದಿಂದ ಹೆಚ್ಚುಕಡಿಮೆ ಹದಿನಾಲ್ಕನೇ ವಾರದವರೆಗೆ ಕಂಡದ್ದು, ಕೇಳಿದ್ದು ನಾಯಿಗೆ ಜೀವಮಾನವಿಡೀ ಪರಿಚಿತ ಲೋಕ. ಲಸಿಕೆಗಳು ಪೂರ್ತಿ ಆಗಿರುವುದಿಲ್ಲ, ನೆಲಕ್ಕೆ ಬಿಡುವಂತಿಲ್ಲ. ಅದಕ್ಕೆ ಇದರ ಗಾತ್ರವೇ ವರ! ಬಟ್ಟೆಯ ಜೋಳಿಗೆಯಲ್ಲಿ ಎದೆಗೆ ಕಟ್ಟಿಕೊಂಡು ಹೊರಡಿ. ನಾಲ್ಕನೇ ಬ್ಲಾಕಿನ ಮಾರುಕಟ್ಟೆಯ ಗದ್ದಲ, ರಾಗಿಗುಡ್ಡದ ಗಂಟೆ, ಬನಶಂಕರಿ ನಿಲ್ದಾಣದ ಮೇಲೆ ಸಾಗುವ ಮೆಟ್ರೊ, ಸೊಪ್ಪಿನವರ ಕೂಗು, ಆಟೊ ಸದ್ದು. ಪ್ರತಿ ಹೊಸ ಸದ್ದಿಗೂ ಒಂದು ಚೂರು ತಿನಿಸು. ಹಾಗೆ ಬೆಳೆದ ಮರಿಗೆ ಕುಕ್ಕರಿನ ಸೀಟಿ ಭಯವಲ್ಲ. ದೀಪಾವಳಿ ಪಟಾಕಿ ಮಾತ್ರ ಬೇರೆ ಮಾತು. ನಮಗೆ 20,000 ಹರ್ಟ್ಸ್‌ಗೆ ಮುಗಿಯುವ ಕೇಳುವಿಕೆ ನಾಯಿಗೆ 45,000ದವರೆಗೂ ಹೋಗುತ್ತದೆ. ಆ ಸಂಜೆ ಒಳಕೋಣೆ, ಮುಚ್ಚಿದ ಕಿಟಕಿ, ಪಕ್ಕದಲ್ಲಿ ನೀವು.

ಬೀದಿನಾಯಿಗಳ ಮಾತು ಬಂದೇ ಬರುತ್ತದೆ. ಬಿಬಿಎಂಪಿಯ 2023ರ ಗಣತಿಯಲ್ಲಿ ನಗರದ ಬೀದಿನಾಯಿಗಳು 2.79 ಲಕ್ಷ. ಅವು ಶತ್ರುಗಳಲ್ಲ, ಆದರೆ ಒಂದು ಕಡಿತ ಚಿವಾವಾದ ಪ್ರಾಣಕ್ಕೇ ಕುತ್ತಾಗಬಹುದು. ದಿನವೂ ಒಂದೇ ದಾರಿ, ಒಂದೇ ಹೊತ್ತು ಹಿಡಿದರೆ ಆ ಬೀದಿಯ ನಾಯಿಗಳಿಗೂ ಇದು ಪರಿಚಿತವಾಗುತ್ತದೆ. ರೇಬಿಸ್ ಲಸಿಕೆ ಮೂರು ತಿಂಗಳಿಗೆ, ಆಮೇಲೆ ತಪ್ಪದೆ. ಮನೆಯಿಂದಾಚೆ ಹೋಗದ ನಾಯಿಗೂ ಬೇಕು.

ಚೆನ್ನಾಗಿ ನೋಡಿಕೊಂಡರೆ ಇದು ಹದಿನಾಲ್ಕು, ಹದಿನಾರು ವರ್ಷ ಬದುಕುತ್ತದೆ. ಒಂದನೇ ತರಗತಿಯ ಮಗು ಕಾಲೇಜು ಮುಗಿಸುವಷ್ಟು ಕಾಲ! ಮನೆಯಲ್ಲಿ ಚಿವಾವಾ ಇದ್ದರೆ ಇವತ್ತು ಸಂಜೆಯೇ ಐದು ನಿಮಿಷ ಅದರ ಮುಂದೆ ನೆಲದ ಮೇಲೆ ಕೂತುಕೊಳ್ಳಿ. ತರಬೇಕೆಂದಿದ್ದರೆ ತಾಯಿನಾಯಿಯನ್ನು ನೋಡದೆ ಮರಿ ತರಬೇಡಿ, ‘ಟೀಕಪ್ ಚಿವಾವಾ’ ಎಂಬ ಮಾತಿಗೆ ಮರುಳಾಗಬೇಡಿ, ಅಂಥ ತಳಿಯೇ ಇಲ್ಲ. ಎಂಟು ವಾರ ತುಂಬದ ಮರಿಯನ್ನು ಯಾರು ಕೊಡಬಂದರೂ ಬೇಡವೆನ್ನಿ. ಅದನ್ನು ಮಾರುವುದು 2017ರ ಶ್ವಾನ ಸಂವರ್ಧನೆ ನಿಯಮಗಳ ಪ್ರಕಾರ ನಿಷಿದ್ಧ.