ಅಂಬಿಗನೂ ಬಂಡೆಗಳೂ

ಹಂಪೆಗೆ ಹೋದವರು ಕಲ್ಲಿನ ರಥವನ್ನು ನೋಡಿ ಬೆರಗಾಗುತ್ತಾರೆ. ಅಲ್ಲಿಂದ ತುಸು ನಡೆದು ತಳವಾರಘಟ್ಟದಲ್ಲಿ ನಿಂತರೆ ಮತ್ತೊಂದು ಬೆರಗು ಕಾದಿರುತ್ತದೆ. ಇಲ್ಲಿ ತುಂಗಭದ್ರೆಯದು ನೇರವಾದ ಹರಿವಲ್ಲ. ಹೆಬ್ಬಂಡೆಗಳ ನಡುವೆ ಸೀಳಿ, ಒಂದೆಡೆ ಆಳವಾದ ಮಡುವಾಗಿ, ಇನ್ನೊಂದೆಡೆ ಮೊಣಕಾಲು ಮುಳುಗದಷ್ಟು ತೆಳುವಾಗಿ ಹರಿಯುತ್ತಾಳೆ. ತಳ ಚೂಪಾದ ದೋಣಿ ಇಲ್ಲಿ ಸಾಗುವುದು ಕಷ್ಟ. ಸಾಗುವುದು ಹರಿಗೋಲು.

ಬಿದಿರ ಸೀಳುಗಳಿಂದ ಹೆಣೆದ ದೊಡ್ಡ ಬುಟ್ಟಿ. ಹೊರಗೆ ಹಿಂದೆ ಚರ್ಮದ ಹೊದಿಕೆ, ಈಗ ಪ್ಲಾಸ್ಟಿಕ್ ಹಾಳೆ ಮತ್ತು ಡಾಂಬರು. ತಳ ಚಪ್ಪಟೆಯಾದುದರಿಂದ ಗೇಣುದ್ದದ ನೀರಿದ್ದರೂ ತೇಲುತ್ತದೆ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೋ ಪಾಯೆಸ್ ಇದನ್ನು ಕಂಡು ಬರೆದಿಟ್ಟಿದ್ದಾನೆ. ಹದಿನೈದು ಇಪ್ಪತ್ತು ಜನರನ್ನು ಹೊರುವ ಈ ಬುಟ್ಟಿಗಳು ಸದಾ ಸುತ್ತುತ್ತಲೇ ಸಾಗುತ್ತವೆಂಬುದು ಅವನಿಗೆ ಸೋಜಿಗವಾಗಿತ್ತು.

ಸುತ್ತುವುದು ಸಹಜವೇ. ದುಂಡನೆಯ ದೋಣಿಗೆ ಹಿಂದು ಮುಂದೆಂಬುದಿಲ್ಲ. ಒಂದೇ ಪಕ್ಕದಲ್ಲಿ ಹುಟ್ಟು ಹಾಕಿದರೆ ಬುಗುರಿಯಾಗುತ್ತದೆ. ಆದುದರಿಂದ ಅಂಬಿಗನು ಮುಂದುಗಡೆ ಕುಳಿತು, ಎದುರಿನ ನೀರನ್ನು ಹುಟ್ಟಿನಿಂದ ತನ್ನತ್ತ ಸೆಳೆದುಕೊಳ್ಳುತ್ತಾನೆ. ದೋಣಿಯನ್ನು ಅವನು ತಳ್ಳುವುದಿಲ್ಲ, ಎಳೆಯುತ್ತಾನೆ.

ಆದರೆ ತೋಳಿನ ಬಲಕ್ಕಿಂತ ಕಣ್ಣಿನ ಬಲ ಹೆಚ್ಚಿನದು. ನೀರನ್ನು ಓದಬಲ್ಲವನೇ ಅಂಬಿಗ. ಎರಡು ಬಂಡೆಗಳ ನಡುವೆ ನುಣುಪಾದ ನೀರು ನಾಲಗೆಯಂತೆ ಕೆಳಕ್ಕೆ ಚಾಚಿದ್ದರೆ ಅದೇ ದಾರಿ. ನೀರು ಗುಬ್ಬಿಯಂತೆ ಉಬ್ಬಿ, ಅದರ ಕೆಳಗೆ ನೊರೆಯೊಡೆದಿದ್ದರೆ ಅಡಿಯಲ್ಲಿ ಬಂಡೆ ಅಡಗಿದೆಯೆಂದು ತಿಳಿಯಬೇಕು. ದೊಡ್ಡ ಬಂಡೆಯ ಮರೆಯಲ್ಲಿ ಸೆಳವು ಸಡಿಲ. ಅಲ್ಲಿ ನಿಂತು ಉಸಿರಾಡಿಕೊಳ್ಳಬಹುದು. ಆಚೆಯ ದಡಕ್ಕೆ ನೇರವಾಗಿ ಹೊರಟವನು ಗುರಿಗಿಂತ ಬಹಳ ಕೆಳಗೆ ಸೇರುತ್ತಾನೆ. ಜಾಣನು ದಡದ ಬದಿಯಲ್ಲೇ ಮೇಲಕ್ಕೆ ಹೋಗಿ, ಅನಂತರ ಸೆಳವಿನೊಡನೆ ಓರೆಯಾಗಿ ದಾಟುತ್ತಾನೆ.

ದೋಣಿಯು ಬಂಡೆಗೆ ತಗುಲಿದಾಗ ಪ್ರಯಾಣಿಕರು ಹೆದರಿ ಬಂಡೆಯಿಂದ ದೂರಕ್ಕೆ ವಾಲುತ್ತಾರೆ. ಅನಾಹುತವಾಗುವುದು ಆಗಲೇ! ಮೇಲಿನಿಂದ ಬರುವ ನೀರು ತಗ್ಗಿದ ಅಂಚಿನಿಂದ ಒಳನುಗ್ಗುತ್ತದೆ. ಬಂಡೆಯ ಕಡೆಗೇ ಭಾರ ಹಾಕಬೇಕು. ಅಂಬಿಗನು ಎಲ್ಲರನ್ನೂ ತಳದಲ್ಲಿ ಸುತ್ತಲೂ ಸಮನಾಗಿ ಕೂರಿಸಿ, ಏಳಬೇಡಿರೆಂದು ಗದರಿಸುವುದು ಸುಮ್ಮನೆ ಅಲ್ಲ.

ಇನ್ನೊಂದು ಅಪಾಯ ಕಣ್ಣಿಗೆ ಕಾಣುವುದಿಲ್ಲ. ಮೇಲ್ಗಡೆ ಹೊಸಪೇಟೆಯ ಬಳಿ 1953ರಲ್ಲಿ ಪೂರ್ಣಗೊಂಡ ಅಣೆಕಟ್ಟು ಇದೆ. ಮಲೆನಾಡಿನಲ್ಲಿ ಮಳೆ ಸುರಿದು ಬಾಗಿಲುಗಳನ್ನು ತೆರೆದರೆ, ಹಂಪೆಯಲ್ಲಿ ಬಿಸಿಲಿದ್ದರೂ ಹೊಳೆ ಉಕ್ಕುತ್ತದೆ. ಭಗವಂತನನ್ನೇ ಅಂಬಿಗನೆಂದು ಕರೆದು ಹಾಡಿದ ಪುರಂದರದಾಸರ ಹೆಸರಿನ ಮಂಟಪವೂ ಆಗ ಮುಳುಗುತ್ತದೆ. ನಿನ್ನೆ ಓದಿದ ನೀರು ಇಂದಿಗೆ ಸಲ್ಲದು. ಅಂಥ ದಿನಗಳಲ್ಲಿ ಹರಿಗೋಲು ದಡದ ಮೇಲೆ ಬೋರಲಾಗಿ ಮಲಗಿರುವುದೇ ಕ್ಷೇಮ.

ಆ ಮಂಟಪದ ಬಳಿ ಹಳೆಯ ಸೇತುವೆಯೊಂದರ ಕಲ್ಲುಕಂಬಗಳು ಮಾತ್ರ ಉಳಿದಿವೆ. ಆನೆಗೊಂದಿಗೆಂದು ಕಟ್ಟುತ್ತಿದ್ದ ಹೊಸ ಸೇತುವೆಯೂ 2009ರ ಜನವರಿಯಲ್ಲಿ ಕುಸಿದು ಕೆಲಸಗಾರರು ಪ್ರಾಣ ಕಳೆದುಕೊಂಡರು. ಕಲ್ಲು ಸೋತಲ್ಲಿ, ಬುಟ್ಟಿ ತೇಲಿತು.

ಮುಂದಿನ ರಜೆಯಲ್ಲಿ ಮಕ್ಕಳೊಡನೆ ಹಂಪೆಗೆ ಹೋದರೆ ಹರಿಗೋಲು ಏರಿರಿ. ತೇಲುವ ಅಂಗಿಯನ್ನು ಕೇಳಿ ತೊಟ್ಟುಕೊಳ್ಳಿರಿ. ಆದರೆ, ಇಂದು ನೀರು ಹೆಚ್ಚು, ಬೇಡವೆಂದು ಅಂಬಿಗನು ಹೇಳಿದರೆ ಹೆಚ್ಚು ಹಣದ ಆಸೆ ತೋರಿಸಬೇಡಿರಿ. ಹೊಳೆಯನ್ನು ಓದಬಲ್ಲವನು ಅವನು, ನಾವಲ್ಲ.