ಸ್ವಂತಕ್ಕೊಂದು ಲಾರಿ: ಯಾವ ಲೈಸೆನ್ಸ್, ಯಾವ ಬೋರ್ಡ್?

ಜೆ.ಪಿ. ನಗರದಲ್ಲಿ ಮನೆ, ಕನಕಪುರದ ಕಡೆ ತೋಟ ಇರುವವರಿಗೆ ತೆಂಗಿನಕಾಯಿ ತರಲು, ಗೊಬ್ಬರ ಒಯ್ಯಲು ಪ್ರತಿ ಸಲ ಬಾಡಿಗೆ ಗಾಡಿ ಹುಡುಕುವುದೇ ಒಂದು ಕೆಲಸ. ಅದರ ಬದಲು ಹಳೇ ಐಷರ್ ಒಂದನ್ನು ಕೊಂಡುಬಿಡೋಣ ಎಂದು ಯೋಚಿಸುವವರು ನಮ್ಮ ಕಡೆ ಸಾಕಷ್ಟಿದ್ದಾರೆ. ಬನಶಂಕರಿಯ ಶಾಮಿಯಾನದವರು, ಜಯನಗರದ ಹಾರ್ಡ್‌ವೇರ್ ಅಂಗಡಿಯವರು, ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ದೇಶ ಸುತ್ತಲು ಕ್ಯಾಂಪರ್ ವ್ಯಾನ್ ಮಾಡಿಸಬೇಕೆಂದಿರುವವರು, ಎಲ್ಲರೂ ಕೇಳುವುದು ಒಂದೇ: "ನಾವು ಬಾಡಿಗೆಗೆ ಓಡಿಸುವುದಿಲ್ಲವಲ್ಲ, ಕಾರಿನ ಲೈಸೆನ್ಸ್ ಸಾಲದೇ? ಬಿಳಿ ಬೋರ್ಡ್ ಹಾಕಿಸಬಾರದೇ?"

ಇಲ್ಲಿ ಎರಡು ಪ್ರಶ್ನೆಗಳು ಬೆರೆತಿವೆ. ಲೈಸೆನ್ಸಿನ ಮಾತು ಬೇರೆ, ಬೋರ್ಡಿನ ಮಾತು ಬೇರೆ. ಲೈಸೆನ್ಸ್ ಯಾವುದು ಬೇಕು ಎಂಬುದನ್ನು ಮುಖ್ಯವಾಗಿ ವಾಹನದ ತೂಕ ತೀರ್ಮಾನಿಸುತ್ತದೆ. ಬೋರ್ಡಿನ ಬಣ್ಣವನ್ನು ವಾಹನ ಯಾವ ಕೆಲಸಕ್ಕೆಂದು ತಯಾರಾಗಿದೆ ಎಂಬುದು ತೀರ್ಮಾನಿಸುತ್ತದೆ. ನೀವು ಬಾಡಿಗೆ ತೆಗೆದುಕೊಳ್ಳುತ್ತೀರೋ ಇಲ್ಲವೋ ಎಂಬುದು ಲಾರಿಯ ವಿಷಯದಲ್ಲಿ ಎರಡಕ್ಕೂ ಸಂಬಂಧಪಡುವುದಿಲ್ಲ.

ಮೊದಲು ಬೋರ್ಡು. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ, ಸರಕು ಸಾಗಿಸಲೆಂದೇ ತಯಾರಾದ ವಾಹನಕ್ಕೆ ಗೂಡ್ಸ್ ಕ್ಯಾರೇಜ್, ಅಂದರೆ ಸರಕು ವಾಹನ ಎಂದು ಹೆಸರು. ಗೂಡ್ಸ್ ಕ್ಯಾರೇಜ್ ಎಲ್ಲವೂ ಟ್ರಾನ್ಸ್‌ಪೋರ್ಟ್ ವಾಹನವೇ. ನಿಮ್ಮದೇ ತೋಟದ ಕಾಯಿ ತುಂಬಿದರೂ ಅದು ಬದಲಾಗದು. ಸರಕು ಪರ್ಮಿಟ್ಟಿನ ಕಲಮಿನಲ್ಲೇ ಬಾಡಿಗೆಯ ಸರಕನ್ನೂ ಅರ್ಜಿದಾರರ ಸ್ವಂತ ವ್ಯಾಪಾರದ ಸರಕನ್ನೂ ಒಟ್ಟಿಗೆ ಹೇಳಲಾಗಿದೆ. ಆದ್ದರಿಂದ ಲಾರಿಗೆ ಹಳದಿ ಬೋರ್ಡ್. "ಬಿಳಿ ಬೋರ್ಡ್ ಮಾಡಿಸಿಕೊಡ್ತೀವಿ ಸಾರ್" ಎಂದು ಯಾರಾದರೂ ಮುಂಗಡ ಕೇಳಿದರೆ ಕೊಡಬೇಡಿ.

ಹಾಗಾದರೆ ರಸ್ತೆಯಲ್ಲಿ ಕಾಣುವ ಬಿಳಿ ಬೋರ್ಡಿನ ಪಿಕಪ್‌ಗಳು? ಇಸುಜು ವಿ-ಕ್ರಾಸ್, ಟೊಯೊಟಾ ಹೈಲಕ್ಸ್‌ನಂಥವು ಖಾಸಗಿ ವಾಹನಗಳಾಗಿಯೇ ನೋಂದಣಿಯಾಗುತ್ತವೆ. ಕಾರಿನ ಲೈಸೆನ್ಸ್ ಸಾಕು, ಪರ್ಮಿಟ್ ಬೇಡ. ತೋಟಕ್ಕೆ ಹೋಗಿಬರಲು, ಸಣ್ಣಪುಟ್ಟ ಸಾಮಾನು ತರಲು ಇಷ್ಟೇ ಸಾಕಾಗುವವರಿಗೆ ನನ್ನ ಸಲಹೆಯೂ ಇದೇ. ಆದರೆ ಅಂಗಡಿಯ ಮಾಲನ್ನು ದಿನವೂ ಇದರಲ್ಲೇ ಸಾಗಿಸಬೇಡಿ. ಸರಕಿಗೆಂದು ತಯಾರಾಗದ ವಾಹನವನ್ನೂ ಸರಕು ಸಾಗಿಸಲು ಬಳಸಿದಾಗ ಕಾಯ್ದೆ ಅದನ್ನು ಗೂಡ್ಸ್ ಕ್ಯಾರೇಜ್ ಎಂದೇ ನೋಡುತ್ತದೆ.

ಇನ್ನು ಲೈಸೆನ್ಸ್. ಇಲ್ಲಿ ನೆನಪಿಡಬೇಕಾದ ಸಂಖ್ಯೆ 7,500 ಕಿಲೋ. ಇದು ಖಾಲಿ ಗಾಡಿಯ ತೂಕವಲ್ಲ. ಗಾಡಿ ಮತ್ತು ಅದು ಹೊರಬಹುದಾದ ಗರಿಷ್ಠ ಹೊರೆ ಸೇರಿದ ಒಟ್ಟು ತೂಕ, ಅಂದರೆ ಜಿವಿಡಬ್ಲ್ಯು. ಆರ್‌ಸಿಯಲ್ಲಿ ನಮೂದಾಗಿರುತ್ತದೆ. ಲಾರಿಯ ಮೈಮೇಲೂ ಬಣ್ಣದಲ್ಲಿ ಬರೆದಿರುತ್ತಾರೆ. ಯುಎಲ್‌ಡಬ್ಲ್ಯು ಎಂದಿದ್ದರೆ ಖಾಲಿ ತೂಕ, ಆರ್‌ಎಲ್‌ಡಬ್ಲ್ಯು ಅಥವಾ ಜಿವಿಡಬ್ಲ್ಯು ಎಂದಿದ್ದರೆ ಹೊರೆ ಸೇರಿದ ತೂಕ. ನೀವು ನೋಡಬೇಕಾದದ್ದು ಎರಡನೆಯದನ್ನು.

ಇದು 7,500 ಕಿಲೋ ಮೀರದಿದ್ದರೆ ನಿಮ್ಮ ಕಾರಿನ ಎಲ್‌ಎಂವಿ ಲೈಸೆನ್ಸೇ ಸಾಕು. ಹಳದಿ ಬೋರ್ಡ್ ಇದ್ದರೂ ಸಾಕು. ಬಹಳ ಕಾಲ ಇದರ ಬಗ್ಗೆ ತಕರಾರಿತ್ತು. ಚಾಲಕನ ಲೈಸೆನ್ಸಿನಲ್ಲಿ ಟ್ರಾನ್ಸ್‌ಪೋರ್ಟ್ ಎಂಬ ನಮೂದು ಇಲ್ಲ ಎಂದು ವಿಮಾ ಕಂಪನಿಗಳು ಪರಿಹಾರ ಕೊಡಲು ಒಪ್ಪುತ್ತಿರಲಿಲ್ಲ. 2017ರಲ್ಲಿ ಸುಪ್ರೀಂ ಕೋರ್ಟ್ ಚಾಲಕರ ಪರವಾಗಿ ತೀರ್ಪು ಕೊಟ್ಟಿತು. 2024ರ ನವೆಂಬರ್ 6ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಅದನ್ನೇ ಎತ್ತಿಹಿಡಿಯಿತು. ಟಾಟಾ ಏಸ್, ಟಾಟಾ 407, ಐಷರ್‌ನ ಸಣ್ಣ ಮಾದರಿಗಳೆಲ್ಲ ಈ ಮಿತಿಯೊಳಗೆ ಬರುತ್ತವೆ. ಮನೆಯ ಮಟ್ಟಿನ ಕೆಲಸಕ್ಕೆ ಇದನ್ನು ದಾಟುವ ಅಗತ್ಯ ಹೆಚ್ಚಿನವರಿಗೆ ಬರುವುದಿಲ್ಲ.

7,500 ದಾಟಿತೋ, ಟ್ರಾನ್ಸ್‌ಪೋರ್ಟ್ ಲೈಸೆನ್ಸ್ ಬೇಕೇ ಬೇಕು. ಜನರ ಬಾಯಲ್ಲಿ ಅದು ಹೆವಿ ಲೈಸೆನ್ಸ್. 7,500ರಿಂದ 12,000 ಕಿಲೋವರೆಗಿನದು ಮಧ್ಯಮ, ಅದರಾಚೆಯದು ಭಾರಿ ವಾಹನ. ಆರು ಚಕ್ರದ ದೊಡ್ಡ ಲಾರಿಗೆ 2018ರಿಂದ 18.5 ಟನ್‌ವರೆಗೆ ಅವಕಾಶವಿದೆ, ಅದು ಭಾರಿ ವರ್ಗ. ಅಮೆರಿಕದಲ್ಲಿರುವ ಮಗ ಮನೆಯಷ್ಟು ದೊಡ್ಡ ಆರ್‌ವಿಯನ್ನು ಕಾರಿನ ಲೈಸೆನ್ಸಿನಲ್ಲೇ ಓಡಿಸುತ್ತಾನೆ ಎಂದು ಕೆಲವರು ವಾದಿಸುತ್ತಾರೆ. ಅಲ್ಲಿನ ಕಮರ್ಷಿಯಲ್ ಲೈಸೆನ್ಸಿನ ನಿಯಮದಿಂದ ಸ್ವಂತ ವಿಹಾರದ ವಾಹನಗಳಿಗೆ ವಿನಾಯಿತಿ ಇರುವುದು ನಿಜ. ನಮ್ಮಲ್ಲಿ ಲಾರಿಗೆ ಅಂಥ ವಿನಾಯಿತಿ ಇಲ್ಲ.

ಹೆವಿ ಲೈಸೆನ್ಸ್ ಪಡೆಯಲು ವಯಸ್ಸು 20 ತುಂಬಿರಬೇಕು. ಎಲ್‌ಎಂವಿ ಲೈಸೆನ್ಸ್ ಕೈಗೆ ಬಂದು ಕನಿಷ್ಠ ಒಂದು ವರ್ಷ ಆಗಿರಬೇಕು. ಎಂಟನೇ ತರಗತಿ ಪಾಸಾಗಿರಬೇಕೆಂಬ ಹಳೆಯ ನಿಯಮ 2019ರಲ್ಲಿ ಹೋಯಿತು. ಮೊದಲು ಪರಿವಾಹನ್‌ನ ಸಾರಥಿ ಪೋರ್ಟಲ್‌ನಲ್ಲಿ ಎಲ್‌ಎಲ್‌ಆರ್, ಅಂದರೆ ಕಲಿಕಾ ಲೈಸೆನ್ಸಿಗೆ ಅರ್ಜಿ ಹಾಕಿ. ವೈದ್ಯರು ಸಹಿ ಮಾಡಿದ ಫಾರಂ 1ಎ ಜೊತೆಗಿರಲಿ. ಆಮೇಲೆ ಮಾನ್ಯತೆ ಪಡೆದ ಡ್ರೈವಿಂಗ್ ಸ್ಕೂಲಿನಲ್ಲಿ ಕಲಿತು ಫಾರಂ 5 ಪ್ರಮಾಣಪತ್ರ ಪಡೆಯಬೇಕು. ಕನಿಷ್ಠ 15 ಗಂಟೆ ಸ್ಟೀರಿಂಗ್ ಹಿಡಿದು ಓಡಿಸಿರಬೇಕು ಎಂಬುದು ನಿಯಮ. ಹಣ ಕೊಟ್ಟರೆ ಬರೀ ಸರ್ಟಿಫಿಕೇಟ್ ಕೊಡುವವರೂ ಸಿಗುತ್ತಾರೆ. ದಯವಿಟ್ಟು ಆ ದಾರಿ ಹಿಡಿಯಬೇಡಿ. ಹತ್ತು ಟನ್ ಹೊರೆ ಹೊತ್ತ ಗಾಡಿ ಬ್ರೇಕ್ ಒತ್ತಿದ ಮೇಲೂ ಎಷ್ಟು ದೂರ ಹೋಗಿ ನಿಲ್ಲುತ್ತದೆ, ತಿರುವಿನಲ್ಲಿ ಹಿಂದಿನ ಚಕ್ರ ಎಷ್ಟು ಒಳಗೆ ಸರಿದು ಪಕ್ಕದ ಬೈಕಿನವರನ್ನು ಒತ್ತುತ್ತದೆ ಎಂಬುದು ಓಡಿಸಿದಾಗಲೇ ಗೊತ್ತಾಗುವುದು.

ಎಲ್‌ಎಲ್‌ಆರ್ ಬಂದು 30 ದಿನಗಳ ನಂತರ ಪರೀಕ್ಷೆಗೆ ಹೋಗಬಹುದು. ಅದರ ಅವಧಿ ಆರು ತಿಂಗಳು. ಪರೀಕ್ಷೆಯನ್ನು ಅದೇ ವರ್ಗದ ಗಾಡಿಯಲ್ಲೇ ಕೊಡಬೇಕು, ಸಾಮಾನ್ಯವಾಗಿ ಡ್ರೈವಿಂಗ್ ಸ್ಕೂಲಿನವರೇ ತರುತ್ತಾರೆ. ಕೇಂದ್ರದ ನಿಯಮದಂತೆ ಶುಲ್ಕ ಹೀಗಿದೆ: ಎಲ್‌ಎಲ್‌ಆರ್‌ಗೆ 150 ರೂಪಾಯಿ, ಚಾಲನಾ ಪರೀಕ್ಷೆಗೆ 300, ಲೈಸೆನ್ಸಿಗೆ ಹೊಸ ವರ್ಗ ಸೇರಿಸಲು 500. ಕಾರ್ಡ್ ಮತ್ತು ಸೇವಾ ಶುಲ್ಕ ಸೇರಿ ಪೋರ್ಟಲ್ ಒಟ್ಟು ಮೊತ್ತ ತೋರಿಸುತ್ತದೆ. ದೊಡ್ಡ ಖರ್ಚು ಸ್ಕೂಲಿನದು. ನಾಲ್ಕು ಕಡೆ ವಿಚಾರಿಸಿ ಸೇರಿ. ಟ್ರಾನ್ಸ್‌ಪೋರ್ಟ್ ಲೈಸೆನ್ಸಿನ ಅವಧಿ ಐದು ವರ್ಷ, ಆಮೇಲೆ ನವೀಕರಿಸಬೇಕು.

ಜಯನಗರದ ಆರ್‌ಟಿಒ ಕೆಎ-05, ಕೋರಮಂಗಲದ್ದು ಕೆಎ-01, ಎಲೆಕ್ಟ್ರಾನಿಕ್ ಸಿಟಿಯದ್ದು ಕೆಎ-51. ಬಿಟಿಎಂ ಲೇಔಟ್‌ನವರಿಗೆ ತಮ್ಮದು ಯಾವುದು ಎಂಬ ಗೊಂದಲ ಸಹಜ. ಪೋರ್ಟಲ್‌ನಲ್ಲಿ ಮನೆಯ ಪಿನ್‌ಕೋಡ್ ಹಾಕಿದರೆ ಕಚೇರಿಯ ಹೆಸರು ಬರುತ್ತದೆ.

ಲೈಸೆನ್ಸ್ ಸಿಕ್ಕರೂ ಗಾಡಿಯ ಕಾಗದಪತ್ರ ಬೇರೆ ಇದೆ. ಜಿವಿಡಬ್ಲ್ಯು 3,000 ಕಿಲೋ ಮೀರಿದರೆ ಪರ್ಮಿಟ್ ಬೇಕು. ಟಾಟಾ ಏಸ್‌ಗೆ ಬೇಡ, 407ಕ್ಕೆ ಬೇಕು. ರಾಜ್ಯದೊಳಗಿನ ಪರ್ಮಿಟ್ ಇಟ್ಟುಕೊಂಡು ಅತ್ತಿಬೆಲೆ ದಾಟಿ ಹೊಸೂರಿಗೆ ಹೋಗುವಂತಿಲ್ಲ. ನಮಗೆ ಹೊಸೂರು ಪಕ್ಕದ ಬಡಾವಣೆಯಂತೆ ಅನಿಸಿದರೂ ಅದು ತಮಿಳುನಾಡು. ನ್ಯಾಷನಲ್ ಪರ್ಮಿಟ್ ಅಥವಾ ತಾತ್ಕಾಲಿಕ ಪರ್ಮಿಟ್ ಬೇಕಾಗುತ್ತದೆ. ಎಫ್‌ಸಿ, ಅಂದರೆ ಗಾಡಿಯ ಯೋಗ್ಯತಾ ಪತ್ರವನ್ನು ಮೊದಲ ಎಂಟು ವರ್ಷ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಮಾಡಿಸಬೇಕು. 15 ವರ್ಷ ದಾಟಿದ ಗಾಡಿಗೆ ಎಫ್‌ಸಿ ಶುಲ್ಕ ಹಲವು ಪಟ್ಟು ಏರುತ್ತದೆ. ಕಡಿಮೆ ಬೆಲೆಗೆ ಸಿಕ್ಕಿತೆಂದು ಮುದಿ ಲಾರಿ ಕೊಳ್ಳುವವರು ಈ ಲೆಕ್ಕ ಮರೆಯಬಾರದು. ನಗರದೊಳಗೆ ದಟ್ಟಣೆಯ ಹೊತ್ತಿನಲ್ಲಿ ಭಾರಿ ಸರಕು ವಾಹನಗಳಿಗೆ ಸಂಚಾರ ಪೊಲೀಸರ ನಿರ್ಬಂಧವೂ ಇದೆ.

ಕ್ಯಾಂಪರ್ ವ್ಯಾನಿನ ದಾರಿ ಸ್ವಲ್ಪ ಸುಲಭ. ಸ್ವಂತ ಬಳಕೆಯ ಕ್ಯಾಂಪರ್ ವ್ಯಾನನ್ನು ಕೇಂದ್ರ ಸರ್ಕಾರ ಟ್ರಾನ್ಸ್‌ಪೋರ್ಟ್ ಅಲ್ಲದ ವಾಹನಗಳ ಪಟ್ಟಿಯಲ್ಲಿ ಸೇರಿಸಿದೆ. ಹಾಗೆ ನೋಂದಣಿಯಾದರೆ ಬಿಳಿ ಬೋರ್ಡೇ. ಆದರೆ ಹಳೇ ಲಾರಿಯನ್ನೋ ಬಸ್ಸನ್ನೋ ಗ್ಯಾರೇಜಿನಲ್ಲಿ ಕೊರೆದು ಒಳಗೆ ಮಂಚ, ಒಲೆ ಕೂರಿಸಿದ ಮಾತ್ರಕ್ಕೆ ಅದು ಕ್ಯಾಂಪರ್ ಆಗುವುದಿಲ್ಲ. ಬದಲಾವಣೆಗೆ ಮೊದಲೇ ಆರ್‌ಟಿಒ ಒಪ್ಪಿಗೆ ಪಡೆದು ಆರ್‌ಸಿಯಲ್ಲಿ ಬರೆಸಬೇಕು. ವಾಹನದ ತೂಕ 7,500 ಕಿಲೋ ದಾಟುವಂತಿದ್ದರೆ ಬಿಳಿ ಬೋರ್ಡ್ ಇದ್ದರೂ ಕಾರಿನ ಲೈಸೆನ್ಸ್ ಸಾಲದು.

ತಪ್ಪಿದರೆ ಏನಾಗುತ್ತದೆ? ಸರಿಯಾದ ಲೈಸೆನ್ಸ್ ಇಲ್ಲದೆ ಓಡಿಸಿದವರಿಗೆ 5,000 ರೂಪಾಯಿ, ಓಡಿಸಲು ಕೊಟ್ಟ ಮಾಲೀಕರಿಗೆ ಪ್ರತ್ಯೇಕವಾಗಿ 5,000. ಪರ್ಮಿಟ್ ಇಲ್ಲದಿದ್ದರೆ 10,000 ದಂಡ, ಜೊತೆಗೆ ಆರು ತಿಂಗಳವರೆಗೆ ಜೈಲು ಶಿಕ್ಷೆಗೂ ಅವಕಾಶವಿದೆ. ದಂಡಕ್ಕಿಂತ ಭಾರವಾದದ್ದು ಅಪಘಾತದ ಪರಿಹಾರ. ನ್ಯಾಯಾಲಯ ವಿಮಾ ಕಂಪನಿಯಿಂದ ಸಂತ್ರಸ್ತರಿಗೆ ಹಣ ಕೊಡಿಸಿ, ಅಷ್ಟನ್ನೂ ನಿಮ್ಮಿಂದ ವಸೂಲು ಮಾಡಲು ಕಂಪನಿಗೆ ಅನುಮತಿ ಕೊಡಬಹುದು. ಸೈಟು ಮಾರಿ ತೀರಿಸಬೇಕಾದಷ್ಟು ದೊಡ್ಡ ಮೊತ್ತ ಅದಾಗಬಹುದು.

ಆದ್ದರಿಂದ ಲಾರಿಗೆ ಅಡ್ವಾನ್ಸ್ ಕೊಡುವ ಮುಂಚೆ ಆರ್‌ಸಿ ಪ್ರತಿ ಕೇಳಿ ಪಡೆಯಿರಿ. ಜಿವಿಡಬ್ಲ್ಯು, ಎಫ್‌ಸಿ, ಪರ್ಮಿಟ್, ತೆರಿಗೆ, ವಿಮೆ ಐದನ್ನೂ ಎಂಪರಿವಾಹನ್ ಆ್ಯಪ್‌ನಲ್ಲಿ ಹೋಲಿಸಿ ನೋಡಿ. ಆರ್‌ಸಿ ತೋರಿಸಲು ಹಿಂದೆಮುಂದೆ ನೋಡುವವರ ಗಾಡಿ, ಎಷ್ಟೇ ಅಗ್ಗಕ್ಕೆ ಬಂದರೂ ಬೇಡ.